ಹಕ್ಕಿ ಬರೆಯೋಕೆ ಮಾವನೇ ಬೇಕು

"ಮಿಸ್! ನಮ್ಮ ಸ್ಕೂಲಿನ ಹೆಸರನ್ನ ಯಾರೋ ನುಂಗಿಬಿಟ್ಟಿದ್ದಾರೆ!"

ಸೊಳ್ಳೆ ಅಂತ ಎಲ್ಲರೂ ಕರೆಯುವ ಹುಡುಗಿ ಗೇಟಿನ ಹತ್ತಿರ ಕೂಗಿದ ರಭಸಕ್ಕೆ ಹೆಡ್ ಮಿಸ್ ಆಫೀಸಿನಿಂದ ಓಡಿಬಂದರು. ತಲೆ ಎತ್ತಿ ನೋಡಿದವರು ಹಾಗೇ ನಿಂತುಬಿಟ್ಟರು.

ಶಾಲೆಯ ಬೋರ್ಡಿನ ಮೇಲಿನ ಸಾಲಿನಲ್ಲಿ ದೇಶದ ಹೆಸರಿತ್ತು, ಕೆಳಗಿನ ಸಾಲಿನಲ್ಲಿ ಪ್ರಾಂತ್ಯದ ಹೆಸರಿತ್ತು. ನಿನ್ನೆ ಯಾರೋ ಮೇಲಿನ ಸಾಲಿಗೆ ಟಾರು ಬಳಿದಿದ್ದರು. ಇವತ್ತು ಇನ್ಯಾರೋ ಸಿಟ್ಟಿಗೆ ಕೆಳಗಿನ ಸಾಲಿಗೂ ಬಳಿದಿದ್ದರು. ಮೂಲೆಯ ಚಿತ್ರದಲ್ಲಿ ಹಾರುತ್ತಿದ್ದ ನೀಲಿ ಹಕ್ಕಿಯ ಮೈಯೆಲ್ಲ ಕಪ್ಪಾಗಿತ್ತು. ನಡುವೆ 'ಮಕ್ಕಳ ಶಾಲೆ' ಅನ್ನುವ ಎರಡು ಪದ ಮಾತ್ರ ಹೇಗೋ ಬಚಾವಾಗಿದ್ದವು.

"ಯಾವ ಪ್ರಾಂತ್ಯ, ಯಾವ ದೇಶ ಅಂತ ಗೊತ್ತಿಲ್ಲದ ಶಾಲೆ ಆಯ್ತಲ್ಲೇ ನಮ್ಮದು," ಅಂದರು ಹೆಡ್ ಮಿಸ್. "ನಿಮ್ಮಪ್ಪನನ್ನ ಕರ್ಕೊಂಡು ಬಾ."

ಸೊಳ್ಳೆಯ ಅಪ್ಪ ಬೋರ್ಡ್ ಬರೆಯುವವನು. ಅವಳಿಗೆ ಸೊಳ್ಳೆ ಅಂತ ಹೆಸರಿಟ್ಟವನು ಅವಳ ಮಾವ, ಅಂದರೆ ಅಮ್ಮನ ತಮ್ಮ. ಅವನು ಕೆಲಸ ಮಾಡುವಾಗ ಸದಾ ಕಿವಿಯ ಹತ್ತಿರ ಬಂದು ಗುಂಯ್ ಅಂತ ಏನಾದರೂ ಕೇಳುತ್ತಲೇ ಇರುತ್ತಾಳೆ ಅಂತ. ಮೊದಲು ಅಪ್ಪ, ಮಾವ ಇಬ್ಬರೂ ಒಂದೇ ಅಂಗಡಿಯಲ್ಲಿ ದುಡಿಯುತ್ತಿದ್ದರು. ಅಕ್ಷರ ಅಪ್ಪನದು, ಚಿತ್ರ ಮಾವನದು. ಈ ಊರಿನ ಯಾವ ಬೋರ್ಡ್ ನೋಡಿದರೂ ಅದರಲ್ಲಿ ಇಬ್ಬರ ಕೈಯೂ ಇತ್ತು.

ಆಮೇಲೆ ಆ ಜಗಳ ಬಂತು.

ಜಗಳ ಅವರಿಬ್ಬರದೇ ಅಲ್ಲ, ಇಡೀ ಪ್ರಾಂತ್ಯದ್ದು. ಗಡಿಯಾಚೆಯ ದೇಶ 'ಇದು ನಮ್ಮ ನೆಲ' ಅಂತ ಹಟ ಹಿಡಿದಿತ್ತು. ಇತ್ತ ಊರಿನವರಲ್ಲೇ ಎರಡು ಪಂಗಡ. "ರಸ್ತೆಯ ಗುಂಡಿ ಮುಚ್ಚೋಕೂ ದೂರದ ರಾಜಧಾನಿಯನ್ನ ಕೇಳಬೇಕಾ? ನಮ್ಮ ಆಡಳಿತ ನಮ್ಮ ಕೈಗೆ ಬರಲಿ," ಅಂತ ಅಪ್ಪ. "ಕೈ ಬಿಡಿಸ್ಕೊಂಡು ಒಬ್ಬರೇ ನಿಂತರೆ ಪಕ್ಕದವರು ಸುಮ್ನಿರ್ತಾರಾ? ದೇಶ ಒಂದಾಗಿರಬೇಕು," ಅಂತ ಮಾವ. ಮಾವನಿಗೆ ಕಾಯಿಲೆ ಜೋರಾದಾಗ ರಾಜಧಾನಿಯ ಆಸ್ಪತ್ರೆಯಲ್ಲಿ ಗುರುತು ಪರಿಚಯ ಇಲ್ಲದವರು ರಕ್ತ ಕೊಟ್ಟಿದ್ದರಂತೆ. "ಅವರೆಲ್ಲ ನನಗೆ ಹೊರಗಿನವರಾ ಭಾವ?" ಅಂತ ಅವನು ಕೇಳಿದ್ದು ಸೊಳ್ಳೆಗೆ ಇನ್ನೂ ನೆನಪಿದೆ.

ಒಂದು ದಿನ ಊಟದ ನಡುವೆಯೇ ಮಾತಿಗೆ ಮಾತು ಬೆಳೆಯಿತು. ಮಾವ ತಟ್ಟೆ ಬಿಟ್ಟು ಎದ್ದವನು ತನ್ನ ಬ್ರಷ್ಷುಗಳನ್ನು ಕಟ್ಟಿಕೊಂಡು ಹೊಳೆಯ ಆಚೆ ದಡಕ್ಕೆ, ಅದೇ ದೇಶದ ಪಕ್ಕದ ಪ್ರಾಂತ್ಯಕ್ಕೆ ಹೋಗಿಬಿಟ್ಟ. ಅವತ್ತಿನಿಂದ ಮನೆಯಲ್ಲಿ ಅವನ ಹೆಸರು ಎತ್ತಿದರೆ ಅಪ್ಪನ ಮುಖ ಗಂಟಾಗುತ್ತಿತ್ತು. ಅಮ್ಮ ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದಳು.

ಅಪ್ಪ ಬಂದು ಬೋರ್ಡ್ ನೋಡಿದ.

"ಮೊದಲಿದ್ದ ಹಾಗೇ ಇರಬೇಕು," ಅಂದರು ಹೆಡ್ ಮಿಸ್. "ಎರಡೂ ಹೆಸರು ಬರಲಿ. ಹಕ್ಕಿಯೂ ಬರಲಿ."

"ಅಕ್ಷರ ಬರೆದುಕೊಡ್ತೀನಿ ಮಿಸ್. ಹಕ್ಕಿ ನನ್ನ ಕೈಲಿ ಆಗಲ್ಲ. ನಾನು ಬರೆದರೆ ಕೋಳಿ ಆಗುತ್ತೆ."

"ಹಾಗಾದ್ರೆ ಮೊದಲು ಬರೆದವರನ್ನೇ ಕರೀರಿ."

ಅಪ್ಪ ಏಣಿ ಎಲ್ಲಿದೆ ಅಂತ ಕೇಳಿ ಮಾತು ಹಾರಿಸಿದ.

ಸಂಜೆ ಶಾಲೆ ಬಿಟ್ಟ ಕೂಡಲೇ ಸೊಳ್ಳೆ ಮನೆ ಕಡೆ ತಿರುಗಲಿಲ್ಲ. ನೇರ ಸೇತುವೆಗೆ ಹೋದಳು. ಅಲ್ಲಿ ಬಂದೂಕು ಹಿಡಿದ ಕಾವಲಿನವನು ಅವಳ ಬ್ಯಾಗು ತೆರೆಸಿ, ಟಿಫಿನ್ ಡಬ್ಬಿಯನ್ನೂ ಇಣುಕಿ ನೋಡಿದ.

"ಎಲ್ಲಿಗೆ?"

"ನಮ್ಮ ಮಾವನ ಮನೆಗೆ."

ಆಚೆ ದಡದ ಹೊಸ ಕಟ್ಟಡದಲ್ಲಿ ಮಾವನ ರೂಮು. ಅದು ಯಾವುದು ಅಂತ ಕೇಳಬೇಕಾಗಿಯೇ ಇರಲಿಲ್ಲ, ಮೆಟ್ಟಿಲ ಮೇಲೇ ಬಣ್ಣ ಕಲಸುವ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು.

"ಅರೆ, ಸೊಳ್ಳೆ! ನೀನು ಒಬ್ಳೇ ಬಂದ್ಯಾ? ಅಕ್ಕ ಹುಷಾರಾಗಿದ್ದಾಳೆ ತಾನೇ?"

ಸೊಳ್ಳೆ ಉಸಿರು ಬಿಡದೆ ಬೋರ್ಡಿನ ಕತೆ ಒದರಿದಳು. ಮಾವ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಭಾವ ಹೇಳಿ ಕಳಿಸಿದ್ರಾ?"

ಸೊಳ್ಳೆ ಬ್ಯಾಗಿನ ಪಟ್ಟಿ ತಿರುಚಿದಳು.

"ಹೂಂ."

ಮಾವ ಎದ್ದು ನಲ್ಲಿಯ ಹತ್ತಿರ ಹೋದ. ಮುಖ ತೊಳೆದೇ ತೊಳೆದ. ತೊಳೆಯುವಷ್ಟು ಕೊಳೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮಾವ ಶಾಲೆಗೆ ಬಂದ. ಪೇಂಟಿನ ಕೆಲಸಕ್ಕೆ ಯಾರಾದರೂ ಇಸ್ತ್ರಿ ಶರ್ಟು ಹಾಕುತ್ತಾರಾ? ಅಪ್ಪ ಆಗಲೇ ಏಣಿಯ ಮೇಲಿದ್ದ. ತಿರುಗಿ ನೋಡಿದವನ ಕೈಯಲ್ಲಿ ಬ್ರಷ್ಷು ಹಾಗೇ ನಿಂತಿತು.

"ನೀನೇನಯ್ಯಾ ಇಲ್ಲಿ?"

"ನೀವೇ ಹೇಳಿ ಕಳಿಸಿದ್ರಂತಲ್ಲ ಭಾವ."

ಇಬ್ಬರೂ ಒಟ್ಟಿಗೆ ಸೊಳ್ಳೆಯ ಕಡೆ ನೋಡಿದರು. ಸೊಳ್ಳೆ ತನ್ನ ಚಪ್ಪಲಿ ನೋಡಿಕೊಂಡಳು. ಮಾವನ ಮುಖ ಸಣ್ಣದಾಗುತ್ತಾ ಹೋಗಿದ್ದು ನೋಡದೆಯೇ ಅವಳಿಗೆ ತಿಳಿಯಿತು. ಅವನು ಬ್ರಷ್ಷಿನ ಗಂಟನ್ನು ಮತ್ತೆ ಹೆಗಲಿಗೆ ಏರಿಸುತ್ತಿದ್ದ.

ಅಪ್ಪ ಕೆಮ್ಮಿದ.

"ಹೂಂ, ಕಳಿಸಿದ್ದೆ. ಮರೆತೇಹೋಗಿತ್ತು. ಬಾ, ಏಣಿ ಹಿಡ್ಕೋ."

ಸೊಳ್ಳೆ ಬೆರಗಾಗಿ ತಲೆ ಎತ್ತಿದಳು. ಅಪ್ಪ ಅವಳ ಕಡೆ ನೋಡಲೇ ಇಲ್ಲ.

ಇಬ್ಬರೂ ಕೆಲಸ ಶುರು ಮಾಡಿದರು. ಮೊದಮೊದಲು "ಬಿಳಿ ಕೊಡು." "ತಗೊಳ್ಳಿ." ಅಷ್ಟೇ. ಆಮೇಲೆ ಮಾವ ಕತ್ತು ವಾರೆ ಮಾಡಿ ನೋಡಿದ.

"ದೇಶದ ಹೆಸರು ಯಾಕೋ ಬಡಕಲಾಯ್ತು ಭಾವ."

"ದಪ್ಪ ಬೇಕಾ? ಹಾಗಾದ್ರೆ ರಾಜಧಾನಿಯಿಂದ ಪೇಂಟ್ ತರಿಸು."

ಮಾವ ಪಕ್ಕನೆ ನಕ್ಕುಬಿಟ್ಟ. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಅಷ್ಟು ಹೇಳಿದರೂ ಅಪ್ಪ ಮೇಲಿನ ಸಾಲಿಗೆ ಇನ್ನೊಂದು ಕೈ ಬಣ್ಣ ಕೊಟ್ಟ. ಈಗ ಎರಡು ಹೆಸರೂ ಒಂದೇ ಸಮ ಕಾಣುತ್ತಿದ್ದವು. ಹಕ್ಕಿಯ ರೆಕ್ಕೆ ಅರಳುತ್ತಿತ್ತು. ಎಲ್ಲ ಸರಿಹೋಯಿತು ಅಂದುಕೊಂಡು ಸೊಳ್ಳೆ ಮೈದಾನದ ತುಂಬ ಕುಣಿದಳು.

ಅವಳು ವಾಪಸ್ ಬರುವಷ್ಟರಲ್ಲಿ ದನಿ ಏರಿತ್ತು.

"ನೀವು ಬೇರೆ ಆದ್ರೆ ಆ ಸೇತುವೆ ಮುಚ್ಚೇ ಹೋಗುತ್ತೆ, ನೋಡ್ತಾ ಇರಿ."

"ನಮ್ಮನ್ನ ನಾವು ಆಳ್ಕೊಳ್ಳೋದು ಅಂದ್ರೆ ಬೇರೆ ಆಗೋದಲ್ಲ ಕಣಯ್ಯಾ! ಎಷ್ಟು ಸಲ ಹೇಳ್ಲಿ?"

"ಇವತ್ತು ಹೀಗಂತೀರಿ. ನಾಳೆ?"

ಅಪ್ಪ ಡಬ್ಬಿಗಳ ಮುಚ್ಚಳ ಒತ್ತತೊಡಗಿದ. ಮಾವ ಹಕ್ಕಿಯ ಕಣ್ಣಿಗೆ ಚುಕ್ಕೆ ಇಟ್ಟು ಕೆಳಗಿಳಿದ.

"ಮನೆಗೆ ಬಾ ಮಾವ. ಅಮ್ಮ ಕಾಯ್ತಿರ್ತಾಳೆ," ಅಂತ ಸೊಳ್ಳೆ ಅವನ ತೋಳು ಜಗ್ಗಿದಳು.

ಮಾವ ಅಪ್ಪನ ಬೆನ್ನು ನೋಡಿದ. ಅಪ್ಪನ ಬೆನ್ನು ತಿರುಗಲಿಲ್ಲ.

"ಇವತ್ತು ಬೇಡ ಪುಟ್ಟಾ. ಅಕ್ಕನಿಗೆ ಚೆನ್ನಾಗಿದ್ದೀನಿ ಅಂತ ಹೇಳು."

ಅವನು ಗೇಟು ದಾಟಿ ಹೋದ. ಇಸ್ತ್ರಿ ಶರ್ಟಿನ ತೋಳಿಗೆ ನೀಲಿ ಬಣ್ಣ ಮೆತ್ತಿತ್ತು.

ಅಪ್ಪ, ಸೊಳ್ಳೆ ಹೊರಟಾಗ ಹೊತ್ತು ಮುಳುಗುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ಬೈಗುಳ ಈಗ ಬರುತ್ತೆ, ಆಗ ಬರುತ್ತೆ ಅಂತ ಅವಳು ಕಾದಳು. ಬೈಗುಳ ಬರಲಿಲ್ಲ. ಅಪ್ಪ ಮನೆಯ ದಾರಿಯನ್ನೂ ಹಿಡಿಯಲಿಲ್ಲ. ಹೊಳೆದಂಡೆಯ ಬಳಸು ದಾರಿಗೆ ತಿರುಗಿದ.

ದಂಡೆಯ ಮೇಲೆ ಅಪ್ಪ ನಿಂತ. ಆಚೆ ದಡದ ಕಟ್ಟಡದಲ್ಲಿ ಒಂದೊಂದೇ ಕಿಟಕಿ ಬೆಳಗುತ್ತಿತ್ತು. ಅವುಗಳ ನಡುವೆ ಒಂದು ಮಾತ್ರ ಕತ್ತಲಾಗಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲೂ ದೀಪ ಹತ್ತಿತು.

"ಮನೆ ಮುಟ್ಟಿದ," ಅಂದ ಅಪ್ಪ, ತನ್ನಷ್ಟಕ್ಕೆ. "ಯಾವಾಗಲೂ ಇಷ್ಟು ಹೊತ್ತಿಗೇ ಹಚ್ಚೋದು."

ಸೊಳ್ಳೆ ಅಪ್ಪನ ಮುಖ ನೋಡಿದಳು. ಮಾವನ ಕಿಟಕಿ ಯಾವುದು ಅಂತ ಅವಳು ಯಾರಿಗೂ ಹೇಳಿರಲಿಲ್ಲ.

ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಅಪ್ಪನ ಕೈಯಿಂದ ಪೇಂಟಿನ ಡಬ್ಬಿ ಇಸಿದುಕೊಂಡು ನೆಲಕ್ಕಿಟ್ಟಳು. ಆ ಖಾಲಿ ಕೈಯನ್ನು ಹಿಡಿದುಕೊಂಡು, ಅಪ್ಪ ಹೊರಡೋಣ ಅನ್ನುವವರೆಗೆ ಅಲ್ಲೇ ನಿಂತಳು.