ಒಂಬತ್ತು ದಿನದ ವೈಫೈ

ದಸರೆಯ ಮರುದಿನ ತಾಂಡೂರಿನ ಮುಷ್ಕರದ ಟೆಂಟಿನಲ್ಲಿ ನನ್ನ ಗಂಡ ಆನಂದತೀರ್ಥರ ಪಕ್ಕ ಯಾರೂ ಕೂರಲಿಲ್ಲ. ಪ್ರತ್ಯೇಕ ತೆಲಂಗಾಣಕ್ಕಾಗಿ ನಡೆದಿದ್ದ ಮುಷ್ಕರದ ಮುಂದಾಳತ್ವ ವಹಿಸಿದ್ದ ಹನ್ನೊಂದು ನೌಕರರ ಹೆಸರನ್ನು ಯಾರೋ ಹೈದರಾಬಾದಿನ ಮೇಲಧಿಕಾರಿಗಳಿಗೆ ಇಮೇಲ್ ಮಾಡಿದ್ದರು. ಅಷ್ಟೂ ಜನ ಅಮಾನತು. ಸಂಘದವರು ಪತ್ತೆ ಹಚ್ಚಿಸಿದಾಗ ತಿಳಿದದ್ದು, ಇಮೇಲ್ ಹೋದದ್ದು — ನಮ್ಮ ಮನೆಯ ನೆಟ್ಟಿನಿಂದ! ಸಂಜೆಯ ಸಭೆಯಲ್ಲಿ ಇವರನ್ನು ದ್ರೋಹಿ ಎಂದು ಸಂಘದಿಂದ ಹೊರಹಾಕುವವರಿದ್ದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟೆಲಿಫೋನ್ ಆಫೀಸಿನ ಧಮ್ಮಶೀಲಾಬಾಯಿಯನ್ನು ಮನೆಗೆ ಕರೆತಂದೆ. ಲೈನ್ ಕೆಟ್ಟರೆ ಕಂಬದಿಂದ ಕಂಬಕ್ಕೆ ತಾವೇ ಅಲೆದು ಹುಡುಕುವ ಹೆಂಗಸು.

"ವೈಫೈಗೆ ಪಾಸ್‌ವರ್ಡ್ ಏನಿಟ್ಟೀರಿ?"

ಇಟ್ಟೇ ಇರಲಿಲ್ಲ. ನೆರೆಯವರ ಮುಂದೆ ಎಂಥ ಬೀಗ ಎಂಬುದು ಇವರ ವಾದ. ಧಮ್ಮಶೀಲಾಬಾಯಿ ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೆ.

ನನ್ನ ಅನುಮಾನ ಮಹಡಿಯ ಬಾಡಿಗೆದಾರ ಮಿಲಿಂದನ ಮೇಲೆ. ನನಗೆ ತಿಳಿದಂತೆ ಹೊರಗಿನವರಲ್ಲಿ ನಮ್ಮ ನೆಟ್ ಬಳಸುತ್ತಿದ್ದವನು ಅವನೊಬ್ಬನೇ. ಮನೆ ಖಾಲಿ ಮಾಡು ಎಂದು ಬೆಳಿಗ್ಗೆಯೇ ಬೈದಿದ್ದೆ. ಹಬ್ಬದ ದಿನಗಳಲ್ಲಿ ತನಗೆ ಸಿಗ್ನಲ್ಲೇ ಸಿಗಲಿಲ್ಲ ಎಂದು ಅವನು ಧಮ್ಮಶೀಲಾಬಾಯಿಗೆ ಹೇಳಿದ. ನಾನು ಸುಳ್ಳು ಎಂದೆ.

ಕೆಳಗೆ ಪಡಸಾಲೆಯಲ್ಲಿ ನನ್ನ ಅಣ್ಣ ಚಂದ್ರಶೇಖರ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಇವರ ಕಚೇರಿಯವನೇ, ಮನೆ ನಮ್ಮ ಹಿತ್ತಲಿನ ಆಚೆ. ಸಭೆಗೆಂದು ಇವರ ಹೆಸರಲ್ಲಿ ಕ್ಷಮಾಪತ್ರ ಟೈಪ್ ಮಾಡುತ್ತಿದ್ದ. ಒಪ್ಪಿಕೊಂಡರೆ ಜನ ಮರೆಯುತ್ತಾರೆ ಎಂದು ಸಮಾಧಾನ ಬೇರೆ. ಮಾಡದ ತಪ್ಪನ್ನು ಹೇಗೆ ಒಪ್ಪಲಿ ಎಂದು ಟೆಂಟಿನಿಂದ ಮರಳಿದ್ದ ಇವರು ತಲೆ ತಗ್ಗಿಸಿದ್ದರು.

ನೀವೂ ಈ ನೆಟ್ ಬಳಸುತ್ತೀರಾ ಎಂದು ಧಮ್ಮಶೀಲಾಬಾಯಿ ಅವನನ್ನು ಕೇಳಿದರು.

"ಒಮ್ಮೆನೂ ಇಲ್ರಿ. ನಮ್ಮನಿತನಕ ಅದೆಲ್ಲಿ ಬರ್ತದ?"

ಅವರು ಗೋಡೆಯ ಗೂಡಿನಲ್ಲಿದ್ದ ವೈಫೈ ಡಬ್ಬಿಯನ್ನು ನೋಡಿದರು. ಅದರ ಸುತ್ತ ಒಣ ಮಣ್ಣು, ಜೋಳದ ಎರಡು ಮೊಳಕೆ.

"ಇಲ್ಲಿ ನವರಾತ್ರಿ ಘಟ ಕೂಡಿಸಿದ್ರೇನ್ರಿ?"

"ಹೂಂರಿ, ಮಣ್ಣಾಗ ಜೋಳ ಬಿತ್ತಿ ಒಂಬತ್ತು ದಿನ ಇಟ್ಟಿದ್ದೆ."

"ಹಂಗಾದ್ರ ಡಬ್ಬಿ ಎಲ್ಲಿತ್ತು?"

ಪೂಜೆಗೂ ಇದಕ್ಕೂ ಏನು ಸಂಬಂಧ ಎಂದುಕೊಂಡು ನಾನು ಅದನ್ನು ಹೇಳಿಯೇ ಇರಲಿಲ್ಲ. "ಅಡಿಗಿಮನಿ ಹಿಂದಿನ ಕಿಟಕಿಯಾಗ..."

ಧಮ್ಮಶೀಲಾಬಾಯಿ ಬಿಡಿಸಿ ಹೇಳಿದರು. ಇಮೇಲ್ ಹೋದದ್ದು ನವರಾತ್ರಿಯ ಮೂರನೇ ದಿನ. ನಮ್ಮ ಮನೆಯ ಕಲ್ಲಿನ ಗೋಡೆ ಎರಡಡಿ ದಪ್ಪ. ಹಿಂದಿನ ಕಿಟಕಿಯಲ್ಲಿಟ್ಟ ಡಬ್ಬಿಯ ಸಿಗ್ನಲ್ ಮುಂಭಾಗದ ಮಹಡಿ ಹತ್ತುವುದಿಲ್ಲ. ಹಿತ್ತಲು ದಾಟಿ ಎದುರಿನ ಒಂದೇ ಮನೆಗೆ ಹೋಗುತ್ತದೆ. ಮಿಲಿಂದ್ ಹೇಳಿದ್ದು ನಿಜ.

ಅಣ್ಣನ ಲ್ಯಾಪ್‌ಟಾಪನ್ನು ಅವರು ನಮ್ಮ ಕಡೆ ತಿರುಗಿಸಿದರು. ಮೂಲೆಯಲ್ಲಿ ನಮ್ಮ ವೈಫೈ ಹೆಸರು, ಪಕ್ಕದಲ್ಲಿ ಸಿಗ್ನಲ್ಲಿನ ಐದೂ ಗೆರೆ.

"ಒಮ್ಮೆನೂ ಬಳಸಿಲ್ಲ ಅಂದ್ರಿ. ತೆರೆದ ಕೂಡ್ಲೇ ತಾನೇ ಸೇರಿಕೊಂಡದ. ಹಳೇ ಗುರುತಿಲ್ದ ಹಂಗ ಸೇರೂದಿಲ್ರಿ."

ಅಣ್ಣ ನನ್ನನ್ನು ನೋಡದೆ ಹೇಳಿದ: "ಮೊದಲು ನನ್ನ ಅಮಾನತು ಮಾಡ್ತೀವಂದ್ರು, ವರದಾ. ಮುಂದಾಳುಗಳ ಹೆಸರು ಕೊಟ್ರ ಬಿಡ್ತೀವಂದ್ರು."

ನನ್ನ ಒಡಹುಟ್ಟಿದವನು.

ಇವರು ಎದ್ದು ಬಂದು ಕ್ಷಮಾಪತ್ರವನ್ನು ಮೊದಲಿನಿಂದ ಓದಿದರು. ಕೊನೆಯಲ್ಲಿದ್ದ ತಮ್ಮ ಹೆಸರನ್ನಷ್ಟೇ ಅಳಿಸಿ, ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿದರು.

"ಉಳಿದದ್ದೆಲ್ಲಾ ಬರೋಬರಿ ಅದ. ನಿಮ್ಮ ಹೆಸರು ಹಾಕ್ರಿ, ಭಾವಾ."

ಧಮ್ಮಶೀಲಾಬಾಯಿ ಹೊಸ ಪಾಸ್‌ವರ್ಡ್ ಹಾಕಿಕೊಟ್ಟರು. ನಾನು ಮಹಡಿ ಹತ್ತಿ, ಮಿಲಿಂದನ ಕ್ಷಮೆ ಕೇಳಿ, ಆ ಪಾಸ್‌ವರ್ಡನ್ನು ಮೊದಲು ಅವನಿಗೇ ಹೇಳಿದೆ.