ಚಾಪೆಯಂತೆ ಸುತ್ತಿಟ್ಟ ಕೋಟೆ

ಬಹಳ ಹಿಂದೆ, ಕೆಂಬರೆ ಎಂಬ ರಾಜ್ಯದಲ್ಲಿ, ಮಳೆಗಾಲ ಮುಗಿದ ಮೇಲೆ ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ. ಆಕಾಶ ತಿಳಿಯಾಗಿ, ಗುರೆಳ್ಳಿನ ಹೊಲಗಳು ಹಳದಿ ಹೂ ಬಿಟ್ಟಾಗ, ಊರೂರಿನ ಜನ ಗಾಡಿ ಕಟ್ಟಿಕೊಂಡು ಹಳೆಯ ಜಾಗಗಳನ್ನು ನೋಡಲು ಹೊರಡುತ್ತಿದ್ದರು. ಆ ನಾಡಿನಲ್ಲಿ ಅಂಥ ಜಾಗಗಳು ಮೂರು. ಬೆಟ್ಟದ ಮೇಲೆ ಕೋಟೆ, ಬಯಲಿನ ನಡುವೆ ಮೆಟ್ಟಿಲ ಬಾವಿ, ಹೊಳೆಯ ತಿರುವಿನಲ್ಲಿ ಕಲ್ಲಿನ ಮಂಟಪ. ಅವನ್ನು ಕಟ್ಟಿಸಿದ ಅರಸರ ಹೆಸರು ಯಾರಿಗೂ ನೆನಪಿರಲಿಲ್ಲ. ಅಲ್ಲಿ ತಮ್ಮೊಡನೆ ಕೂತು ಉಂಡವರ ಹೆಸರು ಎಲ್ಲರಿಗೂ ನೆನಪಿತ್ತು.

ಈ ತಿರುಗಾಟಕ್ಕೆ ಎರಡು ಕಟ್ಟಳೆಗಳಿದ್ದವು. ತಮ್ಮ ಮನೆಯ ಬುತ್ತಿಯನ್ನು ತಾವು ಉಣ್ಣುವಂತಿಲ್ಲ. ಬೇರೆ ಮನೆಯವರಿಗೆ ಕೊಟ್ಟು, ಅವರದನ್ನು ಉಣ್ಣಬೇಕು. ಉಂಡ ಮೇಲೆ ಬುತ್ತಿಯ ಬಟ್ಟೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಒಂದು ಹೂವಾದರೂ ಸರಿ, ಅದರಲ್ಲಿ ಏನಾದರೂ ಕಟ್ಟಿ ಕೊಡಬೇಕು. ಆ ರಾಜ್ಯದಲ್ಲಿ ಕಳ್ಳರು ಕೂಡ ಇವನ್ನು ಮೀರುತ್ತಿರಲಿಲ್ಲ.

ಒಂದು ವರ್ಷ ಕೋಟೆ ನೋಡಲು ಹೋದವರು ಹಿಂದಿರುಗಲಿಲ್ಲ. ಎತ್ತುಗಳು ಮಾತ್ರ ಬರಿಗಾಡಿ ಎಳೆದುಕೊಂಡು ಬಂದವು. ಬೆಟ್ಟದ ಮೇಲೆ ಕೋಟೆಯೂ ಇರಲಿಲ್ಲ. ದನ ಕಾಯುವವರು ಕಂಡದ್ದನ್ನು ಹೇಳಿದರು: ಬೂದಿಗಣ್ಣ ಎಂಬ ಮಾಂತ್ರಿಕ ಬಂದ, ಕೋಟೆಯ ಒಂದು ಅಂಚು ಹಿಡಿದು ಚಾಪೆಯಂತೆ ಸುತ್ತಿದ, ಹಗ್ಗ ಬಿಗಿದು ಹೆಗಲ ಮೇಲೆ ಹೊತ್ತುಕೊಂಡು ಹೋದ. ಒಳಗಿದ್ದ ಜನರೂ ಸುತ್ತಿಕೊಂಡು ಹೋದರು. ಆಮೇಲೆ ಬಾವಿಯನ್ನೂ ಹಾಗೆಯೇ ಸುತ್ತಿದ.

ರಾಜ ಸೈನ್ಯ ಕಳಿಸಿದ. ಸೈನಿಕರು ಕತ್ತಿ ಒಯ್ದರು, ಬುತ್ತಿ ಒಯ್ಯಲಿಲ್ಲ. ಕೋಟೆಯಿದ್ದ ಬೆಟ್ಟದಿಂದ ಒಂದು ಹುಲಿ ಅವರನ್ನು ಅರಮನೆಯವರೆಗೂ ಅಟ್ಟಿಕೊಂಡು ಬಂತು.

ಕೋಟೆಯೊಡನೆ ಹೋದವರಲ್ಲಿ ಸೋಮವ್ವ ಒಬ್ಬಳು. ಅವಳ ತಂಗಿ ಕಲ್ಲವ್ವ ಆ ದಿನ ಕಾಲು ಉಳುಕಿ ಮನೆಯಲ್ಲಿ ಉಳಿದಿದ್ದಳು. ತಾಯಿ ಇಲ್ಲದ ಆ ಮನೆಯಲ್ಲಿ ತಂಗಿಯನ್ನು ಬೆಳೆಸಿದವಳು ಸೋಮವ್ವನೇ. ಕಾಲು ವಾಸಿಯಾದ ಮೇಲೆ ಕಲ್ಲವ್ವ ಮೂರು ಜಾಗಗಳಿಗೆಂದು ಮೂರು ಬುತ್ತಿ ಕಟ್ಟಿದಳು.

"ಎಲ್ಲಿಗೆ ಹೊರಟೆಯವ್ವ?" ಎಂದು ನೆರೆಮನೆಯ ಮುದುಕಿ ಕೇಳಿದಳು.

"ಅಕ್ಕನನ್ನು ಕರೆದುಕೊಂಡು ಬರೋಕೆ."

"ಸೈನಿಕರ ಕೈಲೇ ಆಗಲಿಲ್ಲ."

"ಅವರ ಅಕ್ಕ ಅಲ್ಲವಲ್ಲ ಅಜ್ಜಿ," ಎಂದು ಕಲ್ಲವ್ವ ಹೊರಟಳು.

ಬೆಟ್ಟದ ತುದಿ ಅಂಗೈಯಂತೆ ಬೋಳಾಗಿತ್ತು. ಅಲ್ಲಿ ಹುಲಿ ಕೂತಿತ್ತು. ಅದು ಕೋಟೆಯ ಬಾಗಿಲಲ್ಲಿ ಕೆತ್ತಿದ್ದ ಕಲ್ಲಿನ ಹುಲಿ. ಮಾಂತ್ರಿಕ ಅದಕ್ಕೆ ಜೀವ ಕೊಟ್ಟು ಕಾವಲಿಗೆ ಬಿಟ್ಟಿದ್ದ.

"ಮುಂದೆ ಬಂದರೆ ತಿನ್ನುತ್ತೇನೆ," ಎಂದಿತು ಹುಲಿ.

"ಮೊದಲು ಬುತ್ತಿ ಉಣ್ಣು. ನಾನೊಬ್ಬಳೇ ಬಂದಿದ್ದೇನೆ. ನನ್ನದನ್ನು ನಾನೇ ಉಣ್ಣುವ ಹಾಗಿಲ್ಲ."

ಎಷ್ಟೋ ವರ್ಷ ಆ ಹುಲಿಯ ನೆರಳಲ್ಲಿ ಜನ ಕೂತು ಉಂಡಿದ್ದರು. ಅದಕ್ಕೆ ಯಾರೂ ಒಂದು ತುತ್ತು ಕೊಟ್ಟಿರಲಿಲ್ಲ.

"ಏನು ತಂದಿದ್ದೀ?"

"ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಯ."

"ಬದನೆಕಾಯಿ ನನಗೆ ಆಗುವುದಿಲ್ಲ."

"ಮನುಷ್ಯರು ಆಗುತ್ತಾರೆ, ಬದನೆಕಾಯಿ ಆಗುವುದಿಲ್ಲ. ಒಳ್ಳೆ ಹುಲಿ."

ಹುಲಿ ಉಂಡಿತು. ಬದನೆಕಾಯಿಯನ್ನೂ ಉಂಡಿತು. ಆಮೇಲೆ ಬಟ್ಟೆಯನ್ನು ನೋಡುತ್ತಾ ಕೂತಿತು. "ಇದರಲ್ಲಿ ಕಟ್ಟಲು ನನ್ನ ಹತ್ತಿರ ಗರ್ಜನೆ ಬಿಟ್ಟರೆ ಏನಿಲ್ಲ," ಎಂದು ತನ್ನ ಗರ್ಜನೆಯನ್ನು ಅದರಲ್ಲಿ ಕಟ್ಟಿ ಕೊಟ್ಟು, ದಾರಿ ಬಿಟ್ಟಿತು.

ಬಾವಿಯಿದ್ದ ಬಯಲಲ್ಲಿ ನೆಲ ಬಿರಿದಿತ್ತು. ಬಿರುಕಿನ ಮೇಲೆ ಎಮ್ಮೆಯಷ್ಟು ದೊಡ್ಡ ಮೀನು ಅಡ್ಡ ಮಲಗಿತ್ತು. ದಾಟಲು ಹೋದವರನ್ನು ಬಾಲದಿಂದ ಹೊಡೆದು ಕೆಡಹುವುದು ಅದರ ಕೆಲಸ. ಕಲ್ಲವ್ವ ಎರಡನೆಯ ಬುತ್ತಿಯನ್ನು ಅದರ ಬಾಯ ಮುಂದೆ ಬಿಚ್ಚಿದಳು. ಮೊಸರನ್ನ.

"ಉಪ್ಪು ಕಡಿಮೆಯಾಗಿದೆ," ಎಂದಿತು ಮೀನು.

"ಗೊತ್ತು. ಉಪ್ಪು ಹಾಕುವುದು ಅಕ್ಕನ ಕೆಲಸ."

ಮೀನು ಅಗುಳು ಬಿಡದೆ ಉಂಡಿತು. ತನ್ನ ದವಡೆಯಲ್ಲಿ ಉಳಿಸಿಕೊಂಡಿದ್ದ ಬಾವಿಯ ನೀರಲ್ಲಿ ಒಂದು ಗುಟುಕನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿತು. ಬಟ್ಟೆ ಒದ್ದೆಯಾಗಲಿಲ್ಲ. ಅವಳು ಮುಂದೆ ನಡೆದಳು.

ಹೊಳೆಯ ತಿರುವಿನಲ್ಲಿ ಮಂಟಪ ಇನ್ನೂ ಇತ್ತು. ಸುತ್ತ ಬಿಳಿಯ ಹುಲ್ಲು ತೆನೆ ಬಿಟ್ಟಿತ್ತು. ಮಂಟಪದೊಳಗೆ ಬೂದಿಗಣ್ಣ ಕಂಬಕ್ಕೆ ಒರಗಿ ಕೂತಿದ್ದ. ಅವನ ಕಣ್ಣಲ್ಲಿ ಕರಿಯೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ಬೂದಿಯ ಬಣ್ಣ ಮಾತ್ರ ಇತ್ತು. ಎಡಕ್ಕೆ ಸುತ್ತಿದ ಎರಡು ಚಾಪೆಗಳು, ಬಲಕ್ಕೆ ಗಂಟು ಬಿಚ್ಚದ ಒಂದು ಬುತ್ತಿ.

"ಹುಲಿಯನ್ನೂ ಮೀನನ್ನೂ ದಾಟಿ ಬಂದೆಯಾ? ಇನ್ನೊಂದು ಹೆಜ್ಜೆ ಇಟ್ಟರೆ ನಿನ್ನನ್ನೂ ಸುತ್ತುತ್ತೇನೆ."

ಕಲ್ಲವ್ವ ಇದ್ದಲ್ಲಿಯೇ ಕೂತಳು. "ನಮ್ಮ ಅಕ್ಕ ಆ ಕೋಟೆಯಲ್ಲಿದ್ದಾಳೆ. ಯಾಕೆ ಸುತ್ತಿದಿರಿ ಅಜ್ಜ?"

"ಹಾಳಾಗಬಾರದು ಎಂದು. ಮಕ್ಕಳು ಗೋಡೆಯ ಮೇಲೆ ಹೆಸರು ಗೀಚುತ್ತಾರೆ. ಹೆಂಗಸರು ಕಂಬಕ್ಕೆ ಸುಣ್ಣದ ಬೆರಳು ಒರೆಸುತ್ತಾರೆ. ಅವಳು ನೋಡಿದಾಗ ಅವು ಹೇಗಿದ್ದವೋ ಹಾಗೆಯೇ ಇರಬೇಕು."

"ಯಾರು?"

ಅವನು ಬಲಗಡೆಯ ಬುತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅವನ ಹೆಂಡತಿಯ ಹೆಸರು ನೀಲವ್ವ. ಒಂದು ಶರತ್ಕಾಲದಲ್ಲಿ ಇಬ್ಬರೂ ಕೋಟೆ ನೋಡಿದರು, ಬಾವಿ ನೋಡಿದರು, ಮಂಟಪಕ್ಕೆ ಬಂದರು. ಊರವರು ಹಿಂದೆ ಇನ್ನೂ ಬರುತ್ತಿದ್ದರು. ಕಾಯುತ್ತಾ ಕೂತಿದ್ದಾಗ ನೀಲವ್ವ ಎದೆ ನೋಯುತ್ತದೆ ಎಂದು ಕಂಬಕ್ಕೆ ಒರಗಿದಳು. ಮತ್ತೆ ಏಳಲಿಲ್ಲ. ಅವನು ಕಲಿತಿದ್ದ ಮಂತ್ರಗಳಲ್ಲಿ ಒಂದೂ ಅದಕ್ಕೆ ಆಗಲಿಲ್ಲ. ಇಷ್ಟನ್ನು ಅವನು ಬೇರೆ ಯಾರದೋ ಕತೆಯಂತೆ ಹೇಳಿದ.

"ಈ ಬುತ್ತಿ ಅವಳು ಕಟ್ಟಿದ್ದು. ನನ್ನ ಮಂತ್ರದಿಂದ ಇನ್ನೂ ಬೆಚ್ಚಗಿದೆ. ಬಿಚ್ಚಿದರೆ ಮುಗಿದುಹೋಗುತ್ತದೆ."

ಕಲ್ಲವ್ವ ಬುತ್ತಿಯನ್ನು ನೋಡಿದಳು. "ಇದನ್ನು ಅವರು ನಿಮಗೆಂದು ಕಟ್ಟಿರಲಿಲ್ಲ, ಅಜ್ಜ," ಎಂದಳು.

"ಏನೆಂದೆ?"

"ನಿಮ್ಮ ಮನೆಯದನ್ನು ನೀವು ಉಣ್ಣುವ ಹಾಗಿಲ್ಲವಲ್ಲ. ಹಿಂದೆ ಬರುತ್ತಿದ್ದ ಊರವರಿಗೆಂದು ಕಟ್ಟಿದ್ದು. ಯಾರು ಉಣ್ಣುತ್ತಾರೆಂದು ಕಟ್ಟಿದವರಿಗೂ ಗೊತ್ತಿರಲಿಲ್ಲ. ಬೇರೆಯವರ ಊಟ ನಿಮ್ಮ ಹತ್ತಿರ ಉಳಿದುಬಿಟ್ಟಿದೆ."

ಮಾಂತ್ರಿಕ ಎಲ್ಲ ಮಂತ್ರ ಬಲ್ಲವನಾಗಿದ್ದ. ಇದು ಅವನಿಗೆ ಹೊಳೆದಿರಲಿಲ್ಲ. ಅವನು ಬುತ್ತಿಯನ್ನು ಎರಡೂ ಕೈಯಿಂದ ಎತ್ತಿ ಅವಳ ಮುಂದಿಟ್ಟ.

"ನೀನು ಹಸಿದಿದ್ದೀಯಾ?"

"ನಿನ್ನೆಯಿಂದ."

ಗಂಟು ಬಿಚ್ಚಿದಳು. ಸಜ್ಜೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಲ್ಲ ಹಾಕಿದ ಎಳ್ಳಿನ ಪುಡಿ. ಕಲ್ಲವ್ವ ನಿಧಾನವಾಗಿ ಉಂಡಳು. ಅವನು ಒಂದೊಂದು ತುತ್ತನ್ನೂ ನೋಡುತ್ತಿದ್ದ.

"ಹೇಗಿದೆ?"

"ಪಲ್ಯಕ್ಕೆ ಸ್ವಲ್ಪ ಹುಳಿ ಹಿಂಡಿದ್ದಾರೆ. ಚೆನ್ನಾಗಿದೆ."

"ಹೌದು. ಅವಳು ಹುಳಿ ಹಿಂಡುತ್ತಿದ್ದಳು," ಎಂದ ಮಾಂತ್ರಿಕ.

ಅವಳು ನೀಲವ್ವನ ಬಟ್ಟೆಯಲ್ಲಿ ಬಿಳಿಯ ಹುಲ್ಲಿನ ಒಂದು ತೆನೆಯನ್ನು ಕಟ್ಟಿ ಹಿಂದಿರುಗಿಸಿದಳು. ತನ್ನ ಮೂರನೆಯ ಬುತ್ತಿಯನ್ನು ಅವನ ಮುಂದೆ ಬಿಚ್ಚಿದಳು. ಅವನು ಕೈ ಹಿಂದೆಗೆದ. ಉಂಡರೆ ಬಟ್ಟೆ ಬರಿದಾಗಿ ಕೊಡುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಅಷ್ಟು ವರ್ಷ ಅವನು ಯಾರ ಕೈಯದನ್ನೂ ಉಂಡಿರಲಿಲ್ಲ.

"ನಿನಗೆ ಏನು ಬೇಕೆಂದು ನನಗೆ ಗೊತ್ತು," ಎಂದ.

"ನಿಮಗೂ ಹಸಿವಾಗಿದೆ ಎಂದು ನನಗೆ ಗೊತ್ತು."

ಅವನು ಉಂಡ. ವರ್ಷಗಳಿಂದ ಉಣ್ಣದ ಗಂಟಲು, ಎರಡನೆಯ ತುತ್ತಿಗೇ ಬಿಕ್ಕಳಿಕೆ ಹಿಡಿಯಿತು. ಕಲ್ಲವ್ವ ಮೀನು ಕೊಟ್ಟ ನೀರನ್ನು ಕುಡಿಸಿದಳು. ಆ ನೀರು ಒಳಗೆ ಹೋಗಿ ಕಣ್ಣಿಂದ ಹೊರಗೆ ಬಂತು. ಬೂದಿ ತೊಳೆದು ಹೋಯಿತು. ಅವನ ಕಣ್ಣು ಎಲ್ಲರ ಕಣ್ಣಿನಂತೆ ಕರಿಯದಾಗಿತ್ತು.

ಚಾಪೆಗಳು ಬಟ್ಟೆಯಲ್ಲಿ ಹಿಡಿಯುವಂತಿರಲಿಲ್ಲ. ಆದ್ದರಿಂದ ಅವನು ಅವುಗಳ ಹಗ್ಗ ಬಿಚ್ಚಿ, ಹಗ್ಗಗಳನ್ನು ಸುರುಳಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟ. ಹಗ್ಗವಿಲ್ಲದ ಚಾಪೆಗಳು ತಾವಾಗಿಯೇ ಬಿಚ್ಚಿಕೊಂಡು, ಗುರೆಳ್ಳಿನ ಹೊಲಗಳ ಮೇಲೆ ತೇಲಿ ತಮ್ಮ ತಮ್ಮ ಜಾಗಕ್ಕೆ ಹೋದವು. ಬಾವಿಗೆ ನೀರು ಬಂತು. ಬೆಟ್ಟಕ್ಕೆ ಕೋಟೆ ಬಂತು.

ಕಲ್ಲವ್ವ ಕೋಟೆಗೆ ಹೋದಾಗ ಜನರೆಲ್ಲ ನಿದ್ದೆಯಲ್ಲಿದ್ದರು. ಅಲುಗಿಸಿದರೂ ಏಳಲಿಲ್ಲ. ಅವಳು ಹುಲಿಯ ಗಂಟನ್ನು ಬಿಚ್ಚಿದಳು. ಗರ್ಜನೆ ಗೋಡೆಗಳಿಗೆ ಬಡಿದು ಸುತ್ತಿತು. ಎಲ್ಲರೂ ಎದ್ದು ಕೂತರು.

"ಕಾಲು ಉಳುಕಿದವಳು ಬೆಟ್ಟ ಯಾಕೆ ಹತ್ತಿದೆಯೇ?" ಎಂದು ಸೋಮವ್ವ ಗದರಿದಳು. ಕಲ್ಲವ್ವ ಅಕ್ಕನ ಸೆರಗಿನ ತುದಿ ಹಿಡಿದುಕೊಂಡು ಬೆಟ್ಟ ಇಳಿದಳು. ಮನೆ ಮುಟ್ಟುವವರೆಗೆ ಬಿಡಲಿಲ್ಲ.

ಮರುವರ್ಷ ಮಂಟಪಕ್ಕೆ ಹೋದ ಜನರೊಡನೆ ಮಾಂತ್ರಿಕನೂ ಸಾಲಿನಲ್ಲಿ ಕೂತ. ಅವನ ಬುತ್ತಿ ಸೋಮವ್ವನ ಪಾಲಿಗೆ ಬಂತು. ರೊಟ್ಟಿ ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಬೆಂದಿರಲಿಲ್ಲ.

"ಯಾರು ಕಲಿಸಿದ್ದು ನಿಮಗೆ?" ಎಂದು ಅವಳು ಕೇಳಿದಳು.

"ಯಾರೂ ಇಲ್ಲ. ಅವಳು ಮಾಡುವಾಗ ನೋಡುತ್ತಾ ಕೂತಿರುತ್ತಿದ್ದೆ."

ಸೋಮವ್ವ ರೊಟ್ಟಿಯನ್ನು ಮುರಿದು ಇನ್ನೊಂದು ತುತ್ತು ತಿಂದಳು. "ಪಲ್ಯ ಚೆನ್ನಾಗಿದೆ," ಎಂದಳು. ಅದು ನಿಜವಾಗಿತ್ತು.

ಆಮೇಲೆ ಕೆಂಬರೆಯ ಜನ ವರ್ಷ ವರ್ಷ ಕೋಟೆ ನೋಡಿದರು, ಬಾವಿ ನೋಡಿದರು, ಮಂಟಪದಲ್ಲಿ ಉಂಡರು, ಸುಖವಾಗಿದ್ದರು. ಮಕ್ಕಳು ಗೋಡೆಯ ಮೇಲೆ ಹೆಸರು ಗೀಚುತ್ತಲೇ ಇದ್ದರು.