ಉಪ್ಪಿನಕಾಯಿ ಭರಣಿಯ ತವರಕಲ್ಲು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಹೇಳುವವರೇ ತಡವರಿಸುವಷ್ಟು ಹಿಂದೆ, ಅಂಜನಗಿರಿ ಎಂಬ ರಾಜ್ಯವಿತ್ತು. ಅದಕ್ಕೆ ವಜ್ರಕೇತು ಎಂಬ ರಾಜ. ರಾಜನಿಗೆ ಇಬ್ಬರು ರಾಣಿಯರು. ರಾಜ್ಯಕ್ಕೆ ಒಬ್ಬ ಮಾಂತ್ರಿಕ, ಹೆಸರು ಘೋರಾಂಗ.

ಘೋರಾಂಗನ ಗುಹೆಯಲ್ಲಿ ಒಂದು ದೊಡ್ಡ ಕೊಪ್ಪರಿಗೆ. ಅದರ ತುಂಬ ಹಸಿರು ರಸ. ಹಾಕಿದ್ದೆಲ್ಲ ಅದರಲ್ಲಿ ಕರಗುತ್ತಿತ್ತು. ಕೊನೆಗೆ ಕೊಪ್ಪರಿಗೆಯ ತಳವೇ ಸವೆಯತೊಡಗಿತು. ಇದು ಯಾರಾದರೂ ಊಹಿಸಬಹುದಾದ ವಿಷಯ, ಮಾಂತ್ರಿಕ ಊಹಿಸಿರಲಿಲ್ಲ. ಅವನು ರಸವನ್ನು ಸ್ವಲ್ಪ ಹೊತ್ತಿಗೆಂದು ಮಣ್ಣಿನ ದೊಡ್ಡ ಬಾನಿಯೊಂದಕ್ಕೆ ಸುರಿದಿಟ್ಟು, ಕಲಾಯಿ ಹಾಕುವ ದಸ್ತಗೀರನನ್ನು ಕರೆಸಿದ. ದಸ್ತಗೀರ ತಳಕ್ಕೆ ತವರ ಹಚ್ಚಿದ. ರಸ ತುಂಬಿದ ಕೂಡಲೇ ತವರ ಕರಗಿಹೋಯಿತು. ಮಾಂತ್ರಿಕ ರೇಗಿ, ದಸ್ತಗೀರನನ್ನು ಅವನದೇ ಒಲೆಗೆ ಗಾಳಿ ಊದುವ ತಿದಿಯನ್ನಾಗಿ ಮಾಡಿದ. ಬುದ್ಧಿ ಹೇಳಲು ಹೋದ ಆಸ್ಥಾನ ಪಂಡಿತ ವಿರೂಪಾಚಾರ್ಯರನ್ನು ಸಿಂಹ ಮಾಡಿ ಬಾಗಿಲಲ್ಲಿ ಕಟ್ಟಿದ.

ದಸ್ತಗೀರನ ಹೆಂಡತಿ ಖಾಸಿಂಬಿ ಅರಮನೆಗೆ ಹೋದಳು.

"ದೊರೆ, ನನ್ನ ಗಂಡ ತಿದಿಯಾಗಿದ್ದಾನೆ."

"ನಮ್ಮ ಪಂಡಿತರೂ ಸಿಂಹವಾಗಿದ್ದಾರಮ್ಮ," ಎಂದ ರಾಜ. "ಆದರೂ ಹೋಗಿ ನೋಡೋಣ."

ರಾಜ ಪರಿವಾರದೊಂದಿಗೆ ಗುಹೆಗೆ ಹೋದ. ಘೋರಾಂಗ ಗಹಗಹಿಸಿ ನಕ್ಕ. "ನನ್ನ ರಸದಲ್ಲಿ ಕರಗದ ವಸ್ತು ಲೋಕದಲ್ಲಿ ಒಂದೇ ಇದೆ, ತವರಕಲ್ಲು. ಅದನ್ನು ಹಾಕಿದರೆ ನನ್ನ ಮಾಯೆ ಮುಗಿಯಿತು. ಮೂರು ಸಲ ಹಾಕಬಹುದು. ಮೂರೂ ಕರಗಿದರೆ ಇವರೆಲ್ಲ ಎಂದೆಂದಿಗೂ ಹೀಗೇ!"

ತಮ್ಮ ಸಾವಿನ ಗುಟ್ಟನ್ನು ಕೇಳದವರಿಗೂ ಹೇಳುವುದು ಮಾಂತ್ರಿಕರ ಚಟ. ಕಾರಣ ಗೊತ್ತಿಲ್ಲ.

ರಾಜ ಸಿಂಹದ ಕಡೆ ತಿರುಗಿದ. "ಆಚಾರ್ಯರೇ, ತವರಕಲ್ಲು ಎಂದರೆ?"

ಸಿಂಹ ಕೇಸರವನ್ನು ಒಮ್ಮೆ ಕೊಡವಿತು. "ಬಹಳ ಸರಳ. ತವರು ಎಂದರೆ ಹೆಣ್ಣಿನ ಹುಟ್ಟಿದ ಮನೆ. ಅಲ್ಲಿಯ ಕಲ್ಲು."

"ಅಲ್ಲ ಸ್ವಾಮಿ," ಎಂದಳು ಖಾಸಿಂಬಿ. "ತವರ ಅಂದ್ರೆ ಪಾತ್ರೆಗೆ ಹಚ್ಚೋದು."

"ನೀನು ವ್ಯಾಕರಣ ಓದಿದ್ದೀಯಾ?"

"ಇಲ್ಲ. ಪಾತ್ರೆ ಉಜ್ಜಿದ್ದೀನಿ."

ಸಿಂಹ ಗರ್ಜಿಸಿತು. ಸಿಂಹದೊಡನೆ ವಾದ ಮಾಡುವ ಅಭ್ಯಾಸ ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲ.

ಹಿರಿಯ ರಾಣಿ ತವರಿನಿಂದ ಅಮೃತಶಿಲೆಯ ಹೊಸ್ತಿಲನ್ನೇ ಕೀಳಿಸಿ ತಂದಳು. ರಸದಲ್ಲಿ ಹಾಕಿದರು. ಬುಸ್ಸೆಂದು ನೊರೆ ಬಂತು, ಕರಗಿತು.

"ಅಕ್ಕನ ತವರು ಅಷ್ಟೇ ಗಟ್ಟಿ," ಎಂದಳು ಕಿರಿಯ ರಾಣಿ.

ಅವಳು ತನ್ನ ತವರಿನ ರುಬ್ಬುಗುಂಡು ತಂದಳು. ರಸದಲ್ಲಿ ಹಾಕಿದರು. ಅದು ಸ್ವಲ್ಪ ಹೊತ್ತು ತೆಗೆದುಕೊಂಡಿತು, ಆಮೇಲೆ ಕರಗಿತು.

"ಪರವಾಗಿಲ್ಲ ಬಿಡಮ್ಮ," ಎಂದಳು ಹಿರಿಯ ರಾಣಿ. "ನಿಮ್ಮ ಮನೇಲಿ ರುಬ್ಬೋಕೆ ತಾನೇ ಏನಿತ್ತು?"

ಇಬ್ಬರನ್ನೂ ಬಿಡಿಸಲು ರಾಜ ನಡುವೆ ಹೋದ. ಆ ಗಲಾಟೆಯಲ್ಲಿ ಖಾಸಿಂಬಿ ತಿದಿಯ ಹತ್ತಿರ ಕೂತಳು.

"ರೀ, ಉಳಿದಿರೋದು ಒಂದೇ ಸಲ. ಬರೀ ತವರ ಹಾಕಿದ್ರೆ ಕರಗುತ್ತೆ. ನೀವೇ ಹಾಕಿ ನೋಡಿದ್ರಲ್ಲ. ಏನು ಮಾಡ್ಲಿ?"

ತಿದಿ ಉಸ್ಸೆಂದಿತು. ಮನುಷ್ಯನಾಗಿದ್ದಾಗಲೂ ಅವನು ಹೆಚ್ಚು ಸಲಹೆ ಕೊಟ್ಟವನಲ್ಲ.

ಖಾಸಿಂಬಿಗೆ ಅಪ್ಪನ ನೆನಪಾಯಿತು. ಅಪ್ಪ ಕಾಗೆಬಂಗಾರ ಮಿನುಗುವ ಬಿಳಿಬಂಡೆಯನ್ನು ಒಡೆದು ತವರದ ಅದುರು ತೆಗೆಯುತ್ತಿದ್ದ. ಒಮ್ಮೆ ಅದರಲ್ಲಿ ಒಂದು ಕಂದುಗಪ್ಪು ಕಲ್ಲು ಸಿಕ್ಕಿತ್ತು. ಗಾತ್ರಕ್ಕೆ ಮೀರಿದ ತೂಕ. ತವರದ್ದೇ ಜಾತಿ, ಆದರೆ ಎಷ್ಟು ಕಾಯಿಸಿದರೂ ಬಗ್ಗಲಿಲ್ಲ. "ಇದರಲ್ಲಿ ತವರದ ಜೊತೆ ಇನ್ನಾವುದೋ ಮೊಂಡು ಲೋಹ ಸೇರಿಕೊಂಡಿದೆ," ಎಂದು ಅಪ್ಪ ಅದನ್ನು ಅಡಿಗೆಮನೆಗೆ ಎಸೆದಿದ್ದ. ಅಂದಿನಿಂದ ಅಮ್ಮ ಅದನ್ನು ಉಪ್ಪಿನಕಾಯಿ ಭರಣಿಯೊಳಗೆ ನಿಂಬೆಹೋಳುಗಳ ಮೇಲೆ ಹೇರಿಟ್ಟಿದ್ದಳು.

ಖಾಸಿಂಬಿ ತವರಿಗೆ ಓಡಿದಳು. ಮೂವತ್ತು ವರ್ಷ ಹುಳಿಯಲ್ಲಿ ಮುಳುಗಿದ್ದ ಕಲ್ಲನ್ನು ತೆಗೆದು ಒರೆಸಿದಳು. ಒಂದು ಗೀರಿಲ್ಲ, ಒಂದು ತೂತಿಲ್ಲ.

"ಏ, ಅದನ್ನ ಯಾಕೆ ತೆಗೀತೀಯ? ಹೋಳು ಮೇಲೆ ತೇಲಿ ಬೂಷ್ಟು ಹಿಡಿಯುತ್ತೆ!" ಎಂದಳು ತಾಯಿ.

"ಅಮ್ಮಾ, ನಿನ್ನ ಅಳಿಯ ತಿದಿಯಾಗಿದ್ದಾನೆ."

ತಾಯಿ ಯೋಚಿಸಿದಳು. "ಸರಿ. ಕೆಲಸ ಆದ ಮೇಲೆ ತೊಳೆದು ವಾಪಸ್ ತಾ."

ಗುಹೆಯಲ್ಲಿ ಕಲ್ಲನ್ನು ನೋಡಿ ಮಾಂತ್ರಿಕ ಮೂಗು ಮುಚ್ಚಿಕೊಂಡ. "ಏನಿದು ಉಪ್ಪಿನಕಾಯಿ ವಾಸನೆ?"

"ನಿಂಬೆಕಾಯಿದು," ಎಂದು ಖಾಸಿಂಬಿ ಕಲ್ಲನ್ನು ಕೊಪ್ಪರಿಗೆಗೆ ಬಿಟ್ಟಳು.

ನೊರೆ ಬರಲಿಲ್ಲ. ಬುಸ್ಸೆನ್ನಲಿಲ್ಲ. ಕಲ್ಲು ಸುಮ್ಮನೆ ಮುಳುಗಿ, ಕಲಾಯಿ ಇಲ್ಲದೆ ಸವೆದಿದ್ದ ತಳಕ್ಕೆ ಬಡಿದು, ಅದನ್ನು ತೂತು ಮಾಡಿಕೊಂಡು ಹೊರಗೆ ಬಂತು. ಹಿಂದೆಯೇ ರಸವೂ ಬಂತು. ಘೋರಾಂಗ ಅದರ ದಾರಿಯಲ್ಲೇ ನಿಂತಿದ್ದ.

"ಯಾರಾದರೂ ಕಲಾಯಿಯವನನ್ನು ಕರೀರೋ!" ಎಂದು ಕೂಗಿದ. ಕಲಾಯಿಯವನು ತಿದಿಯಾಗಿದ್ದ. ಮಾಂತ್ರಿಕ ಮೊಣಕಾಲವರೆಗೆ ಕರಗಿದ, ಸೊಂಟದವರೆಗೆ ಕರಗಿದ, ಕೊನೆಗೆ ಅವನ ತಲೆಯ ಮೇಲಿದ್ದ ಕಿರೀಟವೂ ಕರಗಿತು. ನೆಲ ರಸವನ್ನೆಲ್ಲ ಕುಡಿಯಿತು.

ತಿದಿ ಒಂದು ದೀರ್ಘ ಉಸಿರು ಬಿಟ್ಟು ದಸ್ತಗೀರನಾಯಿತು. "ತಳ ಹೋಗುತ್ತೆ ಅಂತ ಅವತ್ತೇ ಹೇಳಿದ್ದೆ," ಎಂದ.

ಸಿಂಹ ಪಂಡಿತರಾಯಿತು. "ಕಲ್ಲು ಬಂದದ್ದು ಎಲ್ಲಿಂದ?" ಎಂದು ಕೇಳಿದರು.

"ನಮ್ಮಮ್ಮನ ಮನೆಯಿಂದ ಸ್ವಾಮಿ."

"ಅಂದರೆ ತವರಿನಿಂದ. ನಾನು ಹೇಳಲಿಲ್ಲವೇ!"

ರಾಜ ಪಂಡಿತರಿಗೆ ಶಾಲು ಹೊದಿಸಿದ. ಖಾಸಿಂಬಿ ಕಲ್ಲು ತೊಳೆದು ತಾಯಿಗೆ ಕೊಟ್ಟಳು. ತಾಯಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಭರಣಿಯೊಳಗೆ ಇಟ್ಟಳು. ಆಮೇಲೆ ಅಂಜನಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು, ರಾಣಿಯರಿಬ್ಬರನ್ನು ಬಿಟ್ಟು. ಉಪ್ಪಿನಕಾಯಿಯೂ ಕೆಡಲಿಲ್ಲ.